ಹಿಂದಿನ ಸೀಟಿನ ಪರದೇಶಿ

ಒಂಬತ್ತು ದೇಶಗಳ ರಾಯಭಾರಿಗಳ ಎದುರು ಪರದೇಶಿಯ ಪ್ಯಾಂಟು ಜಾರಿತು.

ಮೊಣಕಾಲಿನ ಹತ್ತಿರ ನಿಂತು ಸ್ವಲ್ಪ ಯೋಚನೆ ಮಾಡುವ ಜಾತಿಯ ಪ್ಯಾಂಟಲ್ಲ ಅದು. ನೇರವಾಗಿ ಕಾಲ್ಬೆರಳಿಗೇ ಬಂತು. ಕಾರಿನಿಂದ ಇಳಿದ ಅತಿಥಿ ಮೊದಲು ಎಡಗೈಯನ್ನು ಎದೆಯ ಮೇಲಿಟ್ಟು, ಆಮೇಲೆ ಬಲಗೈ ಎತ್ತಿ ಬೀಸುತ್ತಾರೆ ಎಂದು ಶಿಷ್ಟಾಚಾರದ ಸಾಹೇಬರು ಹೇಳಿಕೊಟ್ಟಿದ್ದರು. ಅಲ್ಲಿಯವರೆಗೆ ಆ ಎಡಗೈ ಸೊಂಟ ಹಿಡಿದುಕೊಂಡಿತ್ತು. ತಾಲೀಮಿನ ಸೂಟು ಕಚೇರಿಯ ಆಸ್ತಿ. ಇವನಿಗಿಂತ ಮೊದಲು ಈ ಕೆಲಸ ಮಾಡುತ್ತಿದ್ದ ಅಧಿಕಾರಿಯ ಮೈಗೆ ಹೊಲಿಸಿದ್ದು. ಆ ಮನುಷ್ಯ ಅಡ್ಡಕ್ಕೆ ಎರಡು ಪರದೇಶಿ, ಉದ್ದಕ್ಕೆ ಮುಕ್ಕಾಲು ಪರದೇಶಿ. ದರ್ಜಿ ಕೆಳಗೆ ಬಟ್ಟೆ ಜೋಡಿಸಿ ಉದ್ದವನ್ನು ಸರಿಮಾಡಿದ್ದ, ಸೊಂಟವನ್ನು ಮರೆತಿದ್ದ.

ತಾಲೀಮಿನ ನಿಯಮ ಒಂದೇ: ಅತಿಥಿ ಏನು ಮಾಡಿದರೂ ಯಾರೂ ನಗಬಾರದು. ರಾಯಭಾರಿಗಳು ನಗಲಿಲ್ಲ. ಮೆಟ್ಟಿಲ ಮೇಲೆ ಸಾಲಾಗಿ ನಿಂತು, ಅವನ ಎರಡೂ ಮೊಣಕಾಲುಗಳನ್ನು ಎರಡು ಮಿತ್ರರಾಷ್ಟ್ರಗಳಂತೆ ಗೌರವದಿಂದ ನೋಡಿದರು. ನದಿಯ ಮೇಲ್ದೇಶದ ರಾಯಭಾರಿಯ ಮೂಗಿನಿಂದ ಮಾತ್ರ ಒಂದು ಸಣ್ಣ ಸದ್ದು ಹೊರಟಿತು. ಪಕ್ಕದಲ್ಲಿದ್ದ ಕೆಳದೇಶದ ರಾಯಭಾರಿ ಅಣೆಕಟ್ಟಿನ ವಿಷಯಕ್ಕೆ ವರ್ಷಗಟ್ಟಲೆ ಹಲ್ಲು ಕಡಿಯುತ್ತಿದ್ದವರು. ಈತ ನಕ್ಕದ್ದು ತನ್ನನ್ನು ನೋಡಿಯೇ ಎಂದು ಅವರಿಗೆ ಖಾತ್ರಿಯಾಯಿತು. "ಯಾರನ್ನ ನೋಡಿ ನಗ್ತಿದ್ದೀರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಪಕ್ಕದಲ್ಲಿ ನೆಟ್ಟಿದ್ದ ತಮ್ಮ ದೇಶದ ಬಾವುಟವನ್ನೇ ಕಿತ್ತು ಅದರ ಕೋಲಿನಿಂದ ಮೂಗಿಗೆ ಬಾರಿಸಿದರು. ಏಟಿಗೆ ಮೂಗು ಒಂದು ಕಡೆ ವಾಲಿತು. ಮೇಲ್ದೇಶದವರು ಮೇಲಿನ ಮೆಟ್ಟಿಲಿನಿಂದ ಒದ್ದರು, ಕೆಳದೇಶದವರು ಕೆಳಗೆ ಬಿದ್ದರು. ನಕಾಶೆಯಲ್ಲಿ ಹೇಗಿದೆಯೋ ಹಾಗೆ. ಕಾವಲಿನವರು ಓಡಿಬಂದು ಬಿಡಿಸುವಷ್ಟರಲ್ಲಿ ಬಿಳಿಯ ಕಲ್ಲಿನ ಮೇಲೆ ಅಂಗೈಯಗಲ ರಕ್ತ ಬಿದ್ದಿತ್ತು.

ಪರದೇಶಿ ಪ್ಯಾಂಟು ಎತ್ತಿಕೊಂಡು, ಕಾರಿನೊಳಗೆ ಮತ್ತೆ ಕುಳಿತು, ಕಿಟಕಿಯಿಂದ ಒಮ್ಮೆ ನೋಡಿದ.

"ಸಾರ್, ಇಲ್ಲಿಂದ ನೋಡಿದ್ರೆ ರಕ್ತ ಕಾಣುತ್ತೆ."

ಕಾಣುವುದನ್ನು ಹೇಳುವುದೇ ಅವನ ಉದ್ಯೋಗ.

ಒಂದೇ ನದಿಯ ನೀರು ಕುಡಿಯುವ ಒಂಬತ್ತು ದೇಶಗಳು ಸೇರಿ ಮಾಡಿಕೊಂಡ ಒಕ್ಕೂಟದ ಕಚೇರಿ ನಮ್ಮ ಊರಿನಲ್ಲಿದೆ. ಒಕ್ಕೂಟದಲ್ಲಿ ಕೂಟ ಕಮ್ಮಿ, ಊಟ ಜಾಸ್ತಿ ಎಂದು ಅಲ್ಲಿ ಭಾಷಣ ಬರೆದುಕೊಡುವ ನಾನು ಹೇಳಿದರೆ ಸಂಬಳಕ್ಕೆ ದ್ರೋಹವಾಗುತ್ತದೆ. ಹೊರದೇಶಗಳ ಜೊತೆ ಹವಾಮಾನದ ಮಾತುಕತೆ ನಡೆಸುವುದು ಒಕ್ಕೂಟದ ಕೆಲಸ. ಈ ಹವಾಮಾನದಲ್ಲಿ ಹವಾ ಅವರದು, ಮಾನ ನಮ್ಮದು. ಮೊದಲೆಲ್ಲ ನಮ್ಮವರು ಮೇಜು ಗುದ್ದಿ ಒಂದೇ ಮಾತು ಹೇಳುತ್ತಿದ್ದರು: ತಲೆಮಾರುಗಟ್ಟಲೆ ಹೊಗೆ ಬಿಟ್ಟವರು ನೀವು, ಮುಳುಗುತ್ತಿರುವವರು ನಾವು, ನಷ್ಟ ಕಟ್ಟಿಕೊಡಿ. ಹಾಗೆ ಗುದ್ದಿದ ಗುರುತು ದೊಡ್ಡ ಸಭಾಂಗಣದ ಮೇಜಿನ ಮೇಲೆ ಈಗಲೂ ಇದೆ.

ಹೀಗಿರುವಾಗ ಹೊರದೇಶದ ಅತಿಥಿಯೊಬ್ಬರು ಬಂದು ಹೋದರು. ಹೋದವರು ತಮ್ಮ ಕಡೆಯ ಪತ್ರಿಕೆಯಲ್ಲಿ ಒಂದು ಚಿತ್ರ ಹಾಕಿಸಿದರು. ಕಚೇರಿಯ ಉದ್ದನೆಯ ಕಾಂಪೌಂಡು ಗೋಡೆ, ಅದರಾಚೆ ಹಳೇ ಟೈರು ಸುಡುತ್ತಿರುವ ನಾಲ್ಕು ಜನ, ಮೇಲಕ್ಕೆದ್ದ ಕರೀ ಹೊಗೆ. ಕೆಳಗೊಂದು ಸಾಲು: ಕೈ ಚಾಚುವವರು ಮೊದಲು ಕೈ ತೊಳೆದುಕೊಳ್ಳಲಿ. ಯಾವ ವಿಷಯಕ್ಕೂ ಒಪ್ಪದ ಒಂಬತ್ತು ದೇಶಗಳು ಒಂದೇ ಬೆಳಗ್ಗೆ ಒಪ್ಪಿಬಿಟ್ಟವು. ಘೋಷಣೆಯಿಂದ ನಷ್ಟ ಎಂಬ ಪದ ಹೋಯಿತು, ಸ್ವಚ್ಛ ಎಂಬ ಪದ ಬಂತು. ಬರೆದವನು ನಾನೇ, ಆದ್ದರಿಂದ ಗೊತ್ತು. ಕೇಳುವವರಾಗಿದ್ದ ನಾವು ಅಂದಿನಿಂದ ತೋರಿಸುವವರಾದೆವು. ಕಾನ್ವೆಂಟಿನಲ್ಲಿ ಓದಿದವರಿಗೆ ಇದೇನೂ ಹೊಸದಲ್ಲ. ಇನ್‌ಸ್ಪೆಕ್ಟರು ಬರುವ ದಿನ ಮೂಗು ಸೋರುವ ಮಕ್ಕಳನ್ನು ಸಿಸ್ಟರು ಕೊನೆಯ ಬೆಂಚಿಗೆ ಕಳಿಸುತ್ತಿದ್ದರು. ಅಲ್ಲಿಯೂ ಸೋರುವುದು ನಿಲ್ಲುತ್ತಿರಲಿಲ್ಲ, ಕಾಣುವುದು ನಿಲ್ಲುತ್ತಿತ್ತು.

ಟೈರಿನ ಹೊಗೆ ಅತಿಥಿಗೆ ಕಂಡದ್ದು ಹೇಗೆ ಎಂದು ವಿಚಾರಣೆಯಾಯಿತು. ಅತಿಥಿ ಬರುವ ಮೊದಲು ದಾರಿ ನೋಡಿ ಬರಲು ಒಬ್ಬ ಅಧಿಕಾರಿ ಇದ್ದರು. ಕಾರಿನಲ್ಲಿ ಅತಿಥಿಯ ಸೀಟಿನಲ್ಲೇ ಕುಳಿತು, ದಾರಿಯುದ್ದಕ್ಕೂ ಕಂಡದ್ದನ್ನೆಲ್ಲ ಅವರು ಪ್ರಾಮಾಣಿಕವಾಗಿ ಹೇಳಿದ್ದರು. ಅವರಿಗೆ ಕಂಡದ್ದು ಗೋಡೆ. ಕುಳ್ಳರು, ಪಾಪ. ಅತಿಥಿ ಅವರಿಗಿಂತ ಒಂದು ಮೊಳ ಎತ್ತರ. ಗೋಡೆಯ ಮೇಲಿನಿಂದ ಅವರಿಗೆ ಲೋಕವೇ ಕಂಡಿತ್ತು. ಒಕ್ಕೂಟಕ್ಕೆ ತುರ್ತಾಗಿ ಬೇಕಾಗಿದ್ದುದು ಹೊರದೇಶದವರಷ್ಟು ಎತ್ತರದ ಒಂದು ಜೊತೆ ಕಣ್ಣು.

ಅದು ನಮ್ಮ ಕಾರಿಡಾರಿನಲ್ಲೇ ಇತ್ತು. ಏಣಿಯಿಲ್ಲದೆ ಬಲ್ಬು ಬದಲಾಯಿಸುವ, ಫ್ಯಾನಿನ ರೆಕ್ಕೆಯ ಧೂಳು ನಿಂತಲ್ಲೇ ಒರೆಸುವ ಆಳು. ಬಾಗಿಲಿಗೆ ಹಣೆ ಬಡಿಸಿಕೊಂಡೇ ಒಳಗೆ ಬರುತ್ತಿದ್ದ. ಮಗುವಾಗಿದ್ದಾಗಲೇ ಅಪ್ಪ ಅಮ್ಮ ಹೋಗಿ, ಅಕ್ಕನ ಸೊಂಟದ ಮೇಲೆ ಬೆಳೆದವನು. ಓಣಿಯವರು ಅಂದೇ ಅವನಿಗೆ ಪರದೇಶಿ ಎಂದು ಹೆಸರಿಟ್ಟಿದ್ದರು. ಹೊಸ ಕೆಲಸ ಸಿಕ್ಕಿದ ದಿನ ಕಚೇರಿಯವರೂ ಅದೇ ಹೆಸರಿಟ್ಟರು. ಒಬ್ಬನೇ ಮನುಷ್ಯ ಗತಿಯಿಲ್ಲದವನೂ ಆಗಿ ಗಣ್ಯ ಅತಿಥಿಯೂ ಆದದ್ದು ನನಗೆ ತಿಳಿದಂತೆ ಇದೊಂದೇ ಸಲ.

ಕೆಲಸ ಹೀಗೆ ನಡೆಯುತ್ತಿತ್ತು. ಅವನು ಸೂಟು ಹಾಕಿಕೊಂಡು ಹಿಂದಿನ ಸೀಟಿನಲ್ಲಿ, ಎಡಗಡೆ. ಮುಂದೆ ಶಿಷ್ಟಾಚಾರದ ಸಾಹೇಬರು. ಕಾರಿನ ಹಿಂದೆ ನಗರಸಭೆಯ ಲಾರಿ. ಅದರಲ್ಲಿ ಹಾರೆ ಹಿಡಿದ ಆಳುಗಳು, ಅವರ ಮೇಸ್ತ್ರಿ, ಒಂದಿಷ್ಟು ಪೊಲೀಸರು. ಇವನು ಕಂಡದ್ದನ್ನು ಹೇಳುತ್ತಿದ್ದ, ಸಾಹೇಬರು ಕಿಟಕಿಯಿಂದ ಕೈ ಹೊರಗೆ ಹಾಕಿ ಬೆರಳು ತೋರಿಸುತ್ತಿದ್ದರು, ಲಾರಿ ಅಲ್ಲಿ ನಿಲ್ಲುತ್ತಿತ್ತು, ಕಾರು ಮುಂದೆ ಹೋಗುತ್ತಿತ್ತು.

ಮೊದಲ ದಿನ ಅವನು ಹೇಳಿದ್ದು, "ನಾಲ್ಕು ಜನ, ಟೈರು, ಹೊಗೆ." ಮಧ್ಯಾಹ್ನ ಮತ್ತೆ ಅದೇ ದಾರಿಯಲ್ಲಿ ಕರೆದೊಯ್ದರು.

"ಈಗ?"

"ಒಂದು ಚಪ್ಪಲಿ, ಸಾರ್."

ಚಪ್ಪಲಿಯನ್ನೂ ತೆಗೆಸಿದರು. ನಾಲ್ವರಲ್ಲಿ ಒಬ್ಬನ ದವಡೆ ಮುರಿದಿತ್ತು, ಇನ್ನೊಬ್ಬನನ್ನು ಅವನೇ ಹಚ್ಚಿದ್ದ ಟೈರಿನ ಮೇಲೆ ನೂಕಿದ್ದರು ಎಂದು ಲಾರಿಯ ಡ್ರೈವರು ಕ್ಯಾಂಟೀನಿನಲ್ಲಿ ಬಾಯಿ ಚಪ್ಪರಿಸಿ ಹೇಳುತ್ತಿದ್ದ. ಮರದ ಕೆಳಗೆ ಕೂರುತ್ತಿದ್ದ ಕ್ಷೌರಿಕ ಕುರ್ಚಿ ಬಿಡದೆ ಅಪ್ಪಿಕೊಂಡಾಗ ಅವನ ಕನ್ನಡಿಯನ್ನು ಅವನ ಬೆನ್ನ ಮೇಲೆಯೇ ಒಡೆದರು. ಇದ್ದಿಲು ಮಾರುವ ಮುದುಕಿಯನ್ನು ಇದ್ದಿಲ ಮೂಟೆಯ ಸಮೇತ ಚರಂಡಿಗೆ ಉರುಳಿಸಿದರು. ಪರದೇಶಿ ಇದ್ಯಾವುದನ್ನೂ ಕಣ್ಣಾರೆ ನೋಡಲಿಲ್ಲ. ಹಿಂದಿನ ಸೀಟಿನಲ್ಲಿ ಕೂತವನಿಗೆ ಮುಂದಿನದು ಕಾಣುತ್ತದೆ, ಪಕ್ಕದ್ದು ಕಾಣುತ್ತದೆ, ಹಿಂದೆ ಉಳಿದದ್ದು ಕಾಣುವುದಿಲ್ಲ. ಸಾಯಂಕಾಲ ಸೂಟನ್ನು ಮಡಚಿ ಬೀರುವಿನಲ್ಲಿಟ್ಟು, ನೆಮ್ಮದಿಯಾಗಿ ಒಂದು ಚಹಾ ಕುಡಿದು ಮನೆಗೆ ಹೋಗುತ್ತಿದ್ದ. ಕಣ್ಣು ಅವನದು, ನೋಟ ಬೇರೆಯವರದು. ಅದರಲ್ಲಿ ಅವನಿಗೊಂದು ಹೆಮ್ಮೆಯೂ ಇತ್ತು. "ನಾನು ಹೇಳಿದ್ಮೇಲೆ ಅಲ್ಲಿ ನೊಣವೂ ಇರಲ್ಲ ಸಾರ್" ಎಂದು ನನ್ನ ಹತ್ತಿರವೇ ಕೊಚ್ಚಿಕೊಂಡದ್ದುಂಟು.

ಪ್ಯಾಂಟು ಜಾರಿದ ತಾಲೀಮು ನಡೆದದ್ದು ಸಾಮಾನ್ಯ ಅತಿಥಿಗಾಗಿ ಅಲ್ಲ. ಹೊರದೇಶಗಳ ದೊಡ್ಡದೊಂದು ಹವಾಮಾನ ನಿಧಿಯ ಯಜಮಾನರು ಬರುವವರಿದ್ದರು. ಅವರು ಮೆಚ್ಚಿದರೆ ಒಂಬತ್ತು ದೇಶಗಳಿಗೂ ಹೊಳೆ ಹರಿಯುತ್ತದೆ, ಮುಖ ಸಿಂಡರಿಸಿದರೆ ಇರುವ ತೊರೆಯೂ ಬತ್ತುತ್ತದೆ. ಹೊಗೆ ಹೋಗಿಸು, ಹೊಗಳಿಕೆ ಬರಿಸು ಎಂಬುದು ಸಾಹೇಬರಿಗೆ ಮೇಲಿನಿಂದ ಬಂದ ಆಜ್ಞೆ. ಅತಿಥಿಯನ್ನು ಹೊಸ ಸೇತುವೆಯ ಮೇಲೆ ಕರೆತರಬೇಕೆಂದೂ ತೀರ್ಮಾನವಾಗಿತ್ತು.

ಸೇತುವೆಯ ಮೇಲಿನ ಮೊದಲ ಸವಾರಿಯಲ್ಲಿ ಪರದೇಶಿ ಎಡಕ್ಕೆ ತಿರುಗಿ ನೋಡಿದ. ನದಿಯ ಆಚೆ ದಡದಲ್ಲಿ ತಗಡಿನ ಮಾಡುಗಳ ಒಂದು ಸಾಲು, ಅದರ ನಡುವಿನಿಂದ ಸೊಟ್ಟಗೆ ಎದ್ದು ನಿಂತ ಕಬ್ಬಿಣದ ಕೊಳವೆ, ಅದರ ಬಾಯಲ್ಲಿ ಹೊಗೆ. ಕುಲುಮೆಗಳ ಸಾಲು ಅದು. ಆ ಕೊಳವೆಯ ಬುಡದಲ್ಲಿ ಅವನ ಅಕ್ಕ ಕಬ್ಬಿಣ ಬಡಿಯುತ್ತಿದ್ದಳು.

"ಹೇಳಯ್ಯಾ" ಎಂದರು ಸಾಹೇಬರು.

"ನೀರು, ಸಾರ್."

"ಆಮೇಲೆ?"

"ಇನ್ನೂ ನೀರು."

"ಆ ಕಡೆ ದಡದಲ್ಲಿ?"

"ದಡ, ಸಾರ್."

ಸಾಹೇಬರೂ ಕುಳ್ಳರೇ. ಸೇತುವೆಯ ಕಟಾಂಜನದ ಸಿಮೆಂಟು ಪಟ್ಟಿ ಅವರ ಕಣ್ಣಿಗೆ ಅಡ್ಡ ಬರುತ್ತಿತ್ತು. ಆದರೆ ಮೂಗು ಚುರುಕು. ಅವರು ಒಮ್ಮೆ ಗಾಳಿಯನ್ನು ಮೂಸಿದರು.

ಸಾಯಂಕಾಲ ಪರದೇಶಿ ಅಕ್ಕನ ಕುಲುಮೆಗೆ ಹೋದ. ಭಾವ ತೀರಿಕೊಂಡ ಮೇಲೆ ಕುಲುಮೆಯನ್ನು ನಡೆಸುತ್ತಿದ್ದವಳು ಅವಳೇ. ಒಂದು ಕೋಣೆ, ಅರ್ಧ ಬೆಂಕಿ, ಅರ್ಧ ಸಂಸಾರ. ಬೆಂಕಿಗೆ ಗಾಳಿ ಊದಲು ಸೈಕಲ್ಲಿನ ಚಕ್ರ ಕಟ್ಟಿದ ತಿದಿ, ಮೂಲೆಯಲ್ಲಿ ಬಾಗಿಲ ಕೀಲುಗಳ ರಾಶಿ, ಗೋಡೆಗೆ ಒರಗಿಸಿದ ಹಾರೆಗಳು, ನಡುವೆ ಅಡಿಗಲ್ಲು. ಮಂತ್ರಿಗಳಿಗೆ ಅಡಿಗಲ್ಲು ಎಂದರೆ ಇಟ್ಟು ಮರೆಯುವ ಕಲ್ಲು. ಅಕ್ಕನಿಗೆ ದಿನವಿಡೀ ಮೇಲೆ ಕಬ್ಬಿಣವಿಟ್ಟು ಬಡಿಯುವ ಗಟ್ಟಿ. ಅವಳ ತೋಳು ಅವನ ತೊಡೆಯಷ್ಟಿತ್ತು.

"ಬನ್ನಿ ದೊರೆಗಳೇ. ಯಾವ ದೇಶದಿಂದ ಸವಾರಿ?"

"ಅಕ್ಕಾ, ಬರೋ ವಾರ ಒಂದು ದಿನ ಬೆಂಕಿ ಆರಿಸ್ತೀಯಾ?"

"ಯಾಕೋ, ನಿನ್ನ ಮದುವೇನಾ? ಹುಡುಗಿ ಏಣಿ ಹತ್ತೋಕೆ ಒಪ್ಪಿದಳಾ?"

"ತಮಾಷೆ ಬೇಡ. ಸೇತುವೆ ಮೇಲಿಂದ ನಿನ್ನ ಹೊಗೆ ಕಾಣುತ್ತೆ."

"ಕುಲುಮೆಯಿಂದ ಹೊಗೆ ಕಾಣದೆ ಹೂವು ಕಾಣುತ್ತಾ?"

"ಕಂಡ್ರೆ ಒಡೀತಾರೆ ಕಣಕ್ಕಾ. ಇಡೀ ಸಾಲು."

ಅಕ್ಕ ಸುತ್ತಿಗೆಯನ್ನು ಕೆಳಗಿಟ್ಟಳು. "ಯಾರಿಗೆ ಕಂಡ್ರೆ?"

ಅವನು ರಾಶಿಯಿಂದ ಒಂದು ಕೀಲು ಎತ್ತಿ ತಿರುಗಿಸತೊಡಗಿದ.

"ಆ ಸೀಟಲ್ಲಿ ಕೂತು ನೋಡೋನು ನೀನು ತಾನೇ?"

"ಹೂಂ."

"ಹಾಗಾದ್ರೆ ನಿನಗೆ ಕಾಣಲಿಲ್ಲ. ಮುಗೀತು. ನಿನ್ನ ಮೂಗು ಒರೆಸಿದೋಳು ನಾನು, ನನಗೋಸ್ಕರ ನಿನಗೆ ಇಷ್ಟೂ ಮಾಡಕ್ಕಾಗಲ್ವಾ? ಬೆಂಕಿ ಆರಿಸೋಕಾಗಲ್ಲ. ನಗರಸಭೆಯೋರು ಹಾರೆ ಬೇಕು ಅಂತ ಕೂತಿದ್ದಾರೆ. ಈ ತಿದಿ ನಿಂತ ದಿನ ನನ್ನ ಒಲೆಯೂ ನಿಲ್ಲುತ್ತೆ. ಗೊತ್ತಲ್ಲ?"

ಗೊತ್ತಿತ್ತು. ಅದೇ ಒಲೆಯ ಮೇಲೆ ಬೆಂದದ್ದನ್ನು ತಿಂದು ಅವನು ಅಷ್ಟೆತ್ತರ ಬೆಳೆದಿದ್ದ.

ಎರಡನೇ ಸವಾರಿ ಅತಿಥಿ ಬರುವ ಹಿಂದಿನ ದಿನ. ಅಂದು ಸಾಹೇಬರು ಹಿಂದಿನ ಸೀಟಿಗೇ ಬಂದು ಕುಳಿತರು, ಕೆಳಗೆ ಒಕ್ಕೂಟದ ವಾರ್ಷಿಕ ವರದಿಗಳ ಎರಡು ದಪ್ಪ ಸಂಪುಟ ಹಾಕಿಕೊಂಡು. ಆ ವರದಿಗಳು ಯಾರನ್ನಾದರೂ ಎತ್ತರಕ್ಕೆ ಏರಿಸಿದ್ದು ಅಂದೇ. ಸೇತುವೆಯ ನಡುವಿಗೆ ಬಂದಾಗ ಕಾರು ನಿಲ್ಲಿಸಲು ಹೇಳಿದರು. ಕೊರಳು ಚಾಚಿದರು. ಆಮೇಲೆ ಪರದೇಶಿಯ ಕೂದಲು ಹಿಡಿದು ಅವನ ಮುಖವನ್ನು ಕಿಟಕಿಯ ಗಾಜಿಗೆ ಅಪ್ಪಳಿಸಿದರು. ಗಾಜು ಗಟ್ಟಿಯಿತ್ತು, ತುಟಿ ಗಟ್ಟಿಯಿರಲಿಲ್ಲ.

"ದಡ ಹೊಗೆ ಬಿಡುತ್ತೇನೋ? ಹೇಳೋ, ದಡಕ್ಕೆ ಬೀಡಿ ಯಾರು ಕೊಟ್ಟರು?" ಇನ್ನೊಮ್ಮೆ ಅಪ್ಪಳಿಸಿದರು. "ಅವರಿಗೆ ಇದು ಕಂಡಿದ್ರೆ? ಒಂಬತ್ತು ದೇಶ ಬಾಯಿಗೆ ಮಣ್ಣು ಹಾಕ್ಕೋಬೇಕಿತ್ತು. ನಿನ್ನ ಕಣ್ಣು ಕಿತ್ತು ನಿನ್ನ ಕೈಗೇ ಕೊಡ್ತೀನಿ. ಬೊಗಳು, ಏನದು?"

ಅವನು ಆಗಲೂ ಗೊತ್ತಿಲ್ಲ ಎನ್ನಬಹುದಿತ್ತು. ತುಟಿಯ ರಕ್ತ ನೆಕ್ಕಿಕೊಂಡು, ತನ್ನ ಕಸುಬಿನ ಬುದ್ಧಿಯನ್ನೆಲ್ಲ ಸೇರಿಸಿ ಒಂದು ಉಪಾಯ ಹೇಳಿದ.

"ಕುಲುಮೆ, ಸಾರ್. ನಮ್ಮಕ್ಕಂದು. ಕೊಳವೆ ಒಂದು ಕಿತ್ತರೆ ಸಾಕು. ಈ ಸೀಟಿಂದ ಕಣ್ಣಿಗೆ ಬೀಳೋದು ಕೊಳವೆ ಮಾತ್ರ. ಅಗೋ, ಅದು." ಎಂದು ಗಾಜು ಇಳಿಸಿ, ಕೈ ಹೊರಗೆ ಹಾಕಿ ಬೆರಳು ತೋರಿಸಿದ.

ಅದುವರೆಗೆ ಅವನು ಬಾಯಿಂದ ಹೇಳಿದ್ದೇ ಹೊರತು ಬೆರಳು ತೋರಿಸಿದ್ದಿಲ್ಲ. ಹಿಂದೆ ನಿಂತಿದ್ದ ಲಾರಿಯ ಮೇಸ್ತ್ರಿಗೆ ಆ ಉದ್ದನೆಯ ಬೆರಳು ಚೆನ್ನಾಗಿಯೇ ಕಂಡಿತು. ಲಾರಿ ಕಾರನ್ನು ಹಿಂದೆ ಹಾಕಿ ಇಳಿಜಾರಿನಲ್ಲಿ ಧಾವಿಸಿತು. ಪರದೇಶಿ ಬಾಗಿಲು ತೆರೆದು ಸೂಟಿನಲ್ಲೇ ಅದರ ಹಿಂದೆ ಓಡಿದ.

ಕೊಳವೆ ಮಾತ್ರ ಕೀಳುವ ಹಾರೆ ಇನ್ನೂ ಯಾರೂ ಮಾಡಿಲ್ಲ. ಅವನು ತಲುಪುವಷ್ಟರಲ್ಲಿ ಸಾಲಿನ ಈ ತುದಿಯ ಎರಡು ಗೋಡೆ ಮಲಗಿದ್ದವು. ಪೊಲೀಸರು ಲಾಠಿ ಬೀಸುತ್ತ ಒಳಗೆ ನುಗ್ಗಿದರು, ಒಳಗಿದ್ದವರು ಕೈಗೆ ಸಿಕ್ಕಿದ್ದನ್ನು ಹಿಡಿದು ಹೊರಗೆ ನುಗ್ಗಿದರು. ಕುಲುಮೆಯಲ್ಲಿ ಕೈಗೆ ಸಿಕ್ಕುವುದು ಕೆಂಪಗೆ ಕಾದಿರುತ್ತದೆ. ಒಬ್ಬ ಪೊಲೀಸನ ತೋಳಿಗೆ ಕಾದ ಸಲಾಕೆ ತಗುಲಿ, ಅಂಗಿಯೂ ಚರ್ಮವೂ ಒಟ್ಟಿಗೆ ಎದ್ದು ಬಂದವು. ಅವನ ಕೂಗಿಗೆ ಉಳಿದವರ ಲಾಠಿಗಳಿಗೆ ಹುಚ್ಚು ಹಿಡಿಯಿತು. ಕೊಡಲಿ ಮಾಡುವ ಮುದುಕ ಗೋಡೆಗೆ ಅಡ್ಡ ನಿಂತಿದ್ದ. ಗೋಡೆಯ ಜೊತೆ ಅವನನ್ನೂ ಕೆಡವಿದರು. ಕಾಲಿನ ಮೂಳೆ ಮುರಿದ ಸದ್ದು ತಗಡಿನ ಸದ್ದಿನ ನಡುವೆಯೂ ಕೇಳಿಸಿತು. ಯಾರೋ ಎಸೆದ ಕೀಲಿನ ತಗಡು ಮೇಸ್ತ್ರಿಯ ಕಿವಿಯನ್ನು ಅರ್ಧ ಕತ್ತರಿಸಿತು, ಉಳಿದರ್ಧ ನೇತಾಡುತ್ತಿತ್ತು. ಅವನು ಅದನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ "ಹೊಡೀರೋ, ಹೊಡೀರೋ" ಎಂದು ಬೀಸುತ್ತಿದ್ದ. ಮಾಡು ಬಿದ್ದು ಬೆಂಕಿಯ ಕುಂಡಗಳು ಉರುಳಿದವು, ಕೆಂಡ ಹಾಸಿಗೆಗೆ ಹತ್ತಿತು, ಅಡುಗೆಯ ಪಾತ್ರೆಗಳು ಕಾಲ್ಚೆಂಡುಗಳಾದವು.

ಅಕ್ಕ ತನ್ನ ಬಾಗಿಲಿನಲ್ಲಿ ನಿಂತು ಒಬ್ಬ ಆಳಿನ ಕೈಯಿಂದ ಹಾರೆ ಕಸಿದುಕೊಂಡಿದ್ದಳು. ಕಸಿದು, ಅದರ ಹಿಡಿಯನ್ನೊಮ್ಮೆ ನೋಡಿದಳು. ತಾನು ಮಾಡಿದ ಹಾರೆಗೆಲ್ಲ ಅವಳು ಎರಡು ಚುಕ್ಕೆ ಹೊಡೆಯುತ್ತಿದ್ದಳು. ಇದರಲ್ಲೂ ಎರಡು ಚುಕ್ಕೆ. ಪಕ್ಕದವನ ಹಾರೆಯಲ್ಲೂ ಎರಡು ಚುಕ್ಕೆ. ಹೋದ ತಿಂಗಳ ಮಾಲು, ಒಂದೂ ಬಾಗಿರಲಿಲ್ಲ. ಅಷ್ಟು ಹೊತ್ತು ನೋಡುತ್ತ ನಿಂತದ್ದೇ ತಪ್ಪಾಯಿತು: ಹಿಂದಿನಿಂದ ಬಂದವನೊಬ್ಬ ಅವಳನ್ನು ಭುಜಕ್ಕೆ ಒದ್ದು ಕೆಡವಿದ. ಕೊಳವೆ ಬುಡದಿಂದ ಕಿತ್ತು, ತಿದಿಯ ಮೇಲೆ ಬಿದ್ದು, ತಿದಿ ಹೊಟ್ಟೆ ಒಡೆದುಕೊಂಡಿತು.

ಆಗ ಅವಳ ಕಣ್ಣಿಗೆ ಬಿದ್ದದ್ದು ತಮ್ಮ. ಸೂಟು, ಒಡೆದ ತುಟಿ, ಏದುಸಿರು.

"ಅಕ್ಕಾ, ನಾನು ಕೊಳವೆ ಮಾತ್ರ ಅಂತ..."

"ನೀನು ಹೇಳಿದ್ಯಾ?"

"ಕೊಳವೆ ಮಾತ್ರ ಅಂದಿದ್ದು. ಆಣೆಗೂ."

ಅವಳು ನೆಲದಲ್ಲಿ ತಡಕಿದಳು, ಸಿಕ್ಕಿದ್ದು ಇಕ್ಕಳ. ಎದ್ದು ನಿಂತರೂ ಅವನ ಎದೆಯವರೆಗೆ ಬರುತ್ತಿದ್ದಳು. ಅಡಿಗಲ್ಲಿನ ಮೇಲೆ ಹತ್ತಿ, ಸರಿಯಾಗಿ ಹಣೆಯ ಮಟ್ಟಕ್ಕೆ ಬಂದು, ಎರಡು ಕೈಯಲ್ಲೂ ಹಿಡಿದು ಬೀಸಿದಳು. ಅವನು ಉದ್ದಕ್ಕೆ ಬಿದ್ದ. ಕಚೇರಿಯ ಆಸ್ತಿಯ ಮೇಲೆ ರಕ್ತ ಹರಿಯಿತು. ಅವಳು ಅವನನ್ನು ದಾಟಿ ಹೋಗಿ, ಹತ್ತಿ ಉರಿಯುತ್ತಿದ್ದ ತನ್ನ ಹಾಸಿಗೆಯ ಮೇಲೆ ನೀರು ಸುರಿದಳು.

ಅತಿಥಿ ಮಾರನೆಯ ಬೆಳಿಗ್ಗೆಯೇ ಬರುವವರಿದ್ದರು. ಲಾರಿಯ ಚಕ್ರಗಳಿಗೆ ಕುಲುಮೆಯ ಮೊಳೆಗಳು ನಾಟಿ ಅದು ಅಲ್ಲೇ ಕೂತಿತ್ತು. ಆಳುಗಳಲ್ಲಿ ಅರ್ಧ ಜನ ಆಸ್ಪತ್ರೆಯಲ್ಲಿದ್ದರು. ಒಡೆದದ್ದನ್ನು ಹೊತ್ತು ಸಾಗಿಸುವವರಿಲ್ಲ. ಸಾಹೇಬರು ಸೇತುವೆಯ ಉದ್ದಕ್ಕೂ ಹಸಿರು ಪರದೆ ಕಟ್ಟಿಸಿದರು. ಬೆಳಿಗ್ಗೆ ಸಾಧಾರಣವಾದ ಒಂದು ಗಾಳಿ ಎದ್ದಿತು, ದಿನವೂ ಏಳುವಂಥದೇ. ಅತಿಥಿಯ ಕಾರು ಸೇತುವೆಗೆ ಬರುವುದಕ್ಕೂ ಪರದೆ ಕಿತ್ತು ನದಿಯ ಮೇಲೆ ಹಾರಿಹೋಗುವುದಕ್ಕೂ ಸರಿಹೋಯಿತು.

ಅವರು ಕಾರು ನಿಲ್ಲಿಸಿದರು. ಇಳಿದರು. ಹಾರುತ್ತಿರುವ ಪರದೆ, ಅದರ ಕೆಳಗೆ ಮಲಗಿದ ಗೋಡೆಗಳು, ಮಡಚಿದ ತಗಡು, ಕಾಲು ಕಟ್ಟಿಸಿಕೊಂಡ ಮುದುಕ. ಅವರ ಕಣ್ಣಲ್ಲಿ ನೀರು ಬಂತು.

ಅನುವಾದ ನನ್ನ ಪಾಲಿಗೆ ಬಂದಿತ್ತು, ಕಾನ್ವೆಂಟಿನಲ್ಲಿ ಓದಿದ ತಪ್ಪಿಗೆ. "ಇಷ್ಟು ದೊಡ್ಡ ಬಿರುಗಾಳಿ ಬಂದಿತ್ತಾ ಅಂತ ಕೇಳ್ತಿದ್ದಾರೆ, ಸಾರ್."

ಸಾಹೇಬರು ಗಾಳಿಯನ್ನು ಮೂಸಿದರು. ಅವರ ಮೂಗಿನ ಬಗ್ಗೆ ಆಗಲೇ ಹೇಳಿದ್ದೇನೆ. "ಬಂದಿತ್ತು ಅನ್ನಿ" ಎಂದರು.

ಅಂದೆ. ಹಿಂದಿನ ಕಾರುಗಳಿಂದ ಇಳಿದ ರಾಯಭಾರಿಗಳಿಗೆ ಆ ಮಾತು ಬಾಯಿಂದ ಬಾಯಿಗೆ ಹೋಯಿತು. ಹಿಂದಿನ ದಿನದವರೆಗೆ ನಮ್ಮ ಆಕಾಶ ಹಾಲಿನಂತಿದೆ ಎನ್ನುತ್ತಿದ್ದ ಒಕ್ಕೂಟ, ಅತಿಥಿ ಕರವಸ್ತ್ರ ಮಡಚಿ ಜೇಬಿಗಿಡುವಷ್ಟರಲ್ಲಿ ಹಾಳಾಗಿಹೋಗಿತ್ತು. ಕೆಳದೇಶದವರು ತಮ್ಮಲ್ಲಿ ಗಾಳಿ ಇನ್ನೂ ಜೋರು ಎಂದರು. ಮೇಲ್ದೇಶದವರು ಗಾಳಿ ಹುಟ್ಟಿದ್ದೇ ತಮ್ಮಲ್ಲಿ ಎಂದರು. ಕಾರಿನ ಬಾನೆಟ್ಟಿನ ಮೇಲಿಟ್ಟುಕೊಂಡು ನಾನು ಘೋಷಣೆಯಲ್ಲಿ ಸ್ವಚ್ಛ ಎಂಬುದನ್ನು ಹೊಡೆದು ನಷ್ಟ ಎಂದು ಬರೆದೆ. ಹಾಗೆ ನೋಡಿದರೆ ಮೊದಲಿಗೆ ಇದ್ದದ್ದೂ ಅದೇ ಪದ. ಆಗ ಅದನ್ನು ನಾವು ಹೇಳಿದ್ದೆವು, ಈಗ ಅವರು ಕಂಡಿದ್ದರು.

ಅತಿಥಿ ಕೆಳಗಿಳಿದು ಸಾಲಿನತ್ತ ನಡೆದರು. ಸಾಹೇಬರು ಅವರಿಗಿಂತ ಮುಂಚೆ ಓಡಿ ಅಲ್ಲಿಯವರನ್ನು ಗುಂಪು ಹಾಕಿಕೊಂಡರು.

"ಗಾಳಿ ಅಂತ ಹೇಳಿಬಿಡಿ. ಎಲ್ಲರಿಗೂ ಇಟ್ಟಿಗೆ ಗೋಡೆ, ಹೊಸ ತಗಡು, ಇದೇ ಜಾಗದಲ್ಲಿ. ಬೇರೆ ಏನಾದ್ರೂ ಬಾಯಿಗೆ ಬಂತೋ, ಸಂಜೆಗೆ ಈ ಜಾಗವೇ ಇರಲ್ಲ."

"ಬಿರುಗಾಳಿ" ಎಂದ ಮುದುಕ ಕೂಡಲೇ, ಮುರಿದ ಕಾಲು ಸವರಿಕೊಂಡು. "ಭಾರೀ ಬಿರುಗಾಳಿ. ಬೂಟು ಹಾಕ್ಕೊಂಡು ಬಂದಿತ್ತು."

"ಬೂಟು ಬೇಡ ತಾತಾ."

"ಆಯ್ತು, ಬೂಟು ಬೇಡ."

ಸಾಹೇಬರು ಅಕ್ಕನತ್ತ ತಿರುಗಿದರು. "ನೀನೂ ಹೇಳಮ್ಮ."

"ನನಗೆ ಗಾಳಿ ಗುರುತು ಇದೆ ಸ್ವಾಮಿ. ದಿನಾ ತಿದಿ ತಿರುಗಿಸೋಳು. ಅದು ಬೆಂಕಿ ಎಬ್ಬಿಸುತ್ತೆ, ಹಾರೆ ಹಿಡಿಯಲ್ಲ."

"ಗೋಡೆ ಬೇಡ್ವಾ ನಿನಗೆ?"

"ಬೇಕು. ಅದಕ್ಕೇ ಬಾಯಿ ಮುಚ್ಕೊಂಡಿರ್ತೀನಿ. ನನ್ನ ಕೇಳಬೇಡಿ. ನಿಮ್ಮ ಕಣ್ಣು ಅಲ್ಲಿದೆಯಲ್ಲ, ಅದನ್ನ ಕೇಳಿ."

ಪರದೇಶಿ ಸ್ವಲ್ಪ ಆಚೆ, ತಗಡುಗಳನ್ನು ಎತ್ತಿ ಒಂದರ ಮೇಲೊಂದು ಪೇರಿಸುತ್ತಿದ್ದ. ಬೆಳಗಾದಾಗಿನಿಂದ ಅದೇ ಕೆಲಸ. ಅಕ್ಕ ಬೇಡ ಎಂದಿರಲಿಲ್ಲ, ಮಾತೂ ಆಡಿಸಿರಲಿಲ್ಲ. ಹಣೆಗೆ ಅವಳ ಹಳೇ ಸೀರೆಯ ಪಟ್ಟಿ ಕಟ್ಟಿತ್ತು. ಕಟ್ಟಿದ್ದು ಯಾರು ಎಂದು ನಾನು ಕೇಳಲಿಲ್ಲ. ಪಟ್ಟಿಯ ನಡುವೆ ರಕ್ತ ಒಣಗಿ ಕಪ್ಪಾಗಿತ್ತು. ಹರಿದ ಸೂಟಿನ ಆ ಎತ್ತರದ ಆಕೃತಿ ಅತಿಥಿಯ ಕಣ್ಣಿಗೆ ಬಿತ್ತು. ಇಡೀ ಊರಿನಲ್ಲಿ ಅವರು ಬಗ್ಗದೆ ಮುಖ ನೋಡಬಹುದಾದ ಮನುಷ್ಯ ಅವನೊಬ್ಬನೇ. ಅವರು ನೇರ ಅವನ ಬಳಿಗೇ ಹೋಗಿ ಭುಜದ ಮೇಲೆ ಕೈಯಿಟ್ಟರು.

ರಾಯಭಾರಿಗಳು ಸುತ್ತ ನೆರೆದರು. ಸಾಹೇಬರು ಅತಿಥಿಯ ಬೆನ್ನ ಹಿಂದೆ ನಿಂತು, ಎರಡೂ ಕೈಯಿಂದ ಗಾಳಿ ಬೀಸಿ ತೋರಿಸುತ್ತಿದ್ದರು. ಮುದುಕ ತಲೆಯಾಡಿಸಿ "ಹೂಂ ಅನ್ನೋ, ಹೂಂ ಅನ್ನೋ" ಎಂದು ಕಣ್ಣಲ್ಲೇ ಬೇಡುತ್ತಿದ್ದ. ಅಕ್ಕ ಸೆರಗಿನಿಂದ ಕೈಯ ಮಸಿ ಒರೆಸಿಕೊಳ್ಳುತ್ತ, ಹಿಂದಿನ ದಿನದಿಂದ ಮೊದಲ ಬಾರಿಗೆ, ತಮ್ಮನ ಮುಖವನ್ನು ನೇರವಾಗಿ ನೋಡಿದಳು.

ಅತಿಥಿ ಮೆಲ್ಲನೆ ಕೇಳಿದರು, ನಾನು ತಿರುಗಿಸಿ ಹೇಳಿದೆ: "ಈ ಗಾಯ ಆಗಿದ್ದು ಬಿರುಗಾಳಿಯಿಂದಲಾ ಅಂತ ಕೇಳ್ತಿದ್ದಾರೆ."

ಪರದೇಶಿ ಪಟ್ಟಿಯನ್ನೊಮ್ಮೆ ಮುಟ್ಟಿ ನೋಡಿಕೊಂಡ.

"ಇಲ್ಲ ಸಾರ್. ಇದು ನಮ್ಮಕ್ಕ, ಇಕ್ಕಳದಲ್ಲಿ."